ಮುಂದೊಗಲಿನ ಬಾವು: ಮನೆಯ ಆರೈಕೆ ಎಷ್ಟು, ಆಸ್ಪತ್ರೆಗೆ ಬರುವುದು ಯಾವಾಗ



ಶೀರ್ಷಿಕೆ ನೋಡಿದ ಕೂಡಲೇ ಕೆಲವರು ಈ ಹಾಳೆಯನ್ನು ಮಡಚಿ ಚೀಲದೊಳಗೆ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಣ್ಣು, ಕಿವಿ, ಹಲ್ಲಿನ ಹಾಗೆ ಇದೂ ದೇಹದ ಒಂದು ಭಾಗ. ಇಲ್ಲಿಯೂ ಬಾವು ಬರುತ್ತದೆ, ಹುಣ್ಣಾಗುತ್ತದೆ, ಸರಿಯಾದ ಸಮಯಕ್ಕೆ ತೋರಿಸಿದರೆ ಗುಣವಾಗುತ್ತದೆ. ನಾಚಿಕೆಯಿಂದ ನಾಲ್ಕು ದಿನ ತಡ ಮಾಡಿದವರಿಗೆ ಮಾತ್ರ ಸಣ್ಣ ತೊಂದರೆ ದೊಡ್ಡದಾಗುತ್ತದೆ. ವಾರ್ಡಿನಲ್ಲಿ ನಾವು ಕಾಣುವುದು ಬಹುಮಟ್ಟಿಗೆ ಇದನ್ನೇ. "ಏನಿಲ್ಲವ್ವಾ, ಸ್ವಲ್ಪ ಉರಿ ಅಷ್ಟ" ಎಂದು ಹೇಳುವ ಹಿರಿಯರು ಮೂರನೆಯ ದಿನಕ್ಕೆ ಮೂತ್ರ ಮಾಡಲಾಗದೆ ಹೊರಳಾಡುತ್ತಿರುತ್ತಾರೆ.

ಮುಂದೊಗಲು ಎಂದರೆ ಶಿಶ್ನದ ತುದಿಯನ್ನು ಟೋಪಿಯಂತೆ ಮುಚ್ಚಿರುವ ಸಡಿಲ ಚರ್ಮ. ಅದರ ಒಳಗಿರುವ ಗುಂಡಾದ ತುದಿಗೆ ಮಣಿ ಎನ್ನುತ್ತೇವೆ. ಬೆಳೆದ ಗಂಡಸರಲ್ಲಿ ಈ ಚರ್ಮ ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಬರಬೇಕು. ಹೀಗೆ ಹಿಂದೆ ಮುಂದೆ ಸರಿಯುವ ಚರ್ಮವಾದ್ದರಿಂದ ಅದು ತುಂಬ ಸಡಿಲ, ತುಂಬ ಮೆತ್ತಗೆ. ಸ್ವಲ್ಪ ಸೋಂಕು, ಸ್ವಲ್ಪ ಗಾಯ, ಒಂದು ಕೀಟ ಕಚ್ಚಿದರೂ ಸಾಕು, ಕಣ್ಣಿನ ರೆಪ್ಪೆಯ ಹಾಗೆ ಬೇಗ ನೀರು ತುಂಬಿ ಊದಿಕೊಳ್ಳುತ್ತದೆ. ಆದ್ದರಿಂದ ಬಾವು ಎಷ್ಟು ದೊಡ್ಡದಾಗಿದೆ ಎಂಬುದರಿಂದ ಮಾತ್ರ ಅಪಾಯವನ್ನು ಅಳೆಯಬೇಡಿ. ದೊಡ್ಡದಾಗಿ ಕಂಡ ಬಾವು ಎರಡು ದಿನದಲ್ಲಿ ಇಳಿಯಬಹುದು, ಸಣ್ಣದಾಗಿ ಕಂಡದ್ದು ಆ ದಿನವೇ ಆಸ್ಪತ್ರೆಗೆ ಬರಬೇಕಾದದ್ದಾಗಿರಬಹುದು. ಮೊದಲು ನೋಡಬೇಕಾದುದು ಒಂದೇ: ಚರ್ಮ ತನ್ನ ಜಾಗದಲ್ಲಿ, ಅಂದರೆ ಮಣಿಯ ಮುಂದೆ ಇದೆಯೇ, ಅಥವಾ ಹಿಂದೆ ಸರಿದು ಅಲ್ಲೇ ಸಿಕ್ಕಿಕೊಂಡಿದೆಯೇ?

ಚರ್ಮ ಹಿಂದೆ ಸಿಕ್ಕಿಕೊಂಡರೆ ತಡಮಾಡಬೇಡಿ

ಮುಂದೊಗಲು ಹಿಂದಕ್ಕೆ ಸರಿದು ಮಣಿಯ ಕೆಳಗಿನ ಕುತ್ತಿಗೆಯಂಥ ಭಾಗದಲ್ಲಿ ನಿಂತುಬಿಟ್ಟರೆ ಅದು ಬಿಗಿಯಾದ ಉಂಗುರದಂತೆ ಕೆಲಸ ಮಾಡುತ್ತದೆ. ಬೆರಳಿಗೆ ಬಿಗಿ ಉಂಗುರ ಹಾಕಿಕೊಂಡು ಬೆರಳು ಊದಿಕೊಂಡದ್ದನ್ನು ನೀವು ನೋಡಿರಬಹುದು. ಇದೂ ಅದೇ. ರಕ್ತ ಒಳಗೆ ಬರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಮಣಿಯೂ ಅದರ ಹಿಂದಿನ ಚರ್ಮವೂ ಊದುತ್ತವೆ. ಊದಿದಷ್ಟೂ ಉಂಗುರ ಇನ್ನೂ ಬಿಗಿಯಾಗುತ್ತದೆ. ಹಾಗೇ ಬಿಟ್ಟರೆ ಕೊನೆಗೆ ಒಳಗೆ ಬರುವ ರಕ್ತವೂ ನಿಂತು ಮಣಿ ನೀಲಿಯಾಗಿ, ಕಪ್ಪಾಗಿ ಕೊಳೆಯುವ ಭಯವಿದೆ. ವೈದ್ಯರು ಇದನ್ನು ಪ್ಯಾರಾಫೈಮೋಸಿಸ್ ಎನ್ನುತ್ತಾರೆ. ಇದು ಮುಲಾಮು ಹಚ್ಚಿ ಕಾಯುವ ಕಾಯಿಲೆಯಲ್ಲ.

ಇದು ಹೇಗೆ ಆಗುತ್ತದೆ? ಸ್ನಾನದಲ್ಲಿ ತೊಳೆಯಲು ಹಿಂದೆ ಸರಿಸಿ ಮುಂದೆ ತರುವುದನ್ನು ಮರೆತಾಗ ಆಗುತ್ತದೆ. ಗಂಡ ಹೆಂಡತಿ ಸೇರಿದ ನಂತರ ಹಾಗೇ ನಿದ್ದೆ ಹೋದಾಗ ಆಗುತ್ತದೆ. ಹುಡುಗರು ಕುತೂಹಲದಿಂದ ಎಳೆದುಕೊಂಡಾಗ, ಅಥವಾ ಹಿರಿಯರು "ತೆರೆಯಲಿ" ಎಂದು ಮಗುವಿನದನ್ನು ಬಲವಂತವಾಗಿ ಎಳೆದಾಗಲೂ ಆಗುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಮಲಗಿದಲ್ಲೇ ಇರುವ ಹಿರಿಯರಿಗೆ ಮೂತ್ರದ ಪೈಪು ಹಾಕಿದಾಗ ಆಗುತ್ತದೆ. ಈ ಪುಟ ಬರೆಯಲು ಮುಖ್ಯ ಕಾರಣ ಅದೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೂತ್ರದ ಪೈಪು ಇರುವವರ ಆರೈಕೆ

ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದವರು, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಕಟ್ಟಿದವರು ಪೈಪಿನೊಂದಿಗೇ ಮನೆಗೆ ಹೋಗುವುದುಂಟು. ಪೈಪು ಹಾಕುವಾಗ ಮುಂದೊಗಲನ್ನು ಹಿಂದೆ ಸರಿಸಲೇಬೇಕು. ಹಾಕಿದ ಮೇಲೆ ಅದನ್ನು ಮುಂದಕ್ಕೆ ತರಲೇಬೇಕು. ಪ್ರತಿದಿನ ಸ್ವಚ್ಛಗೊಳಿಸುವಾಗಲೂ ಇದೇ ಎರಡು ಕೆಲಸ. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ. ಎರಡನೆಯದನ್ನು ಮರೆಯುವುದು ಬಹಳ ಸುಲಭ. ರೋಗಿಗೆ ಮಾತು ಬಾರದಿದ್ದರೆ, ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಅವರು ನೋವೆಂದು ಹೇಳುವುದಿಲ್ಲ. ಸುಮ್ಮನೆ ನರಳಬಹುದು, ಪೈಪಿಗೆ ಕೈ ಹಾಕಿ ಎಳೆಯಬಹುದು. ಮನೆಯವರು "ಮುದುಕರು ಹಟ ಮಾಡ್ತಾರ" ಎಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳುವ ಮೊದಲು ಒಮ್ಮೆ ಬಟ್ಟೆ ಸರಿಸಿ ನೋಡಿ.

ತೊಳೆಯುವ ರೀತಿ ಹೀಗಿರಲಿ. ಮೊದಲು ನಿಮ್ಮ ಕೈಗಳನ್ನು ಸಾಬೂನು ಹಚ್ಚಿ ತೊಳೆಯಿರಿ. ಉಗುರು ಬೆಚ್ಚಗಿನ ನೀರು, ಶುಭ್ರವಾದ ಮೆತ್ತನೆಯ ಬಟ್ಟೆ ಇಟ್ಟುಕೊಳ್ಳಿ. ಚರ್ಮವನ್ನು ಎಷ್ಟು ಸಲೀಸಾಗಿ ಹೋಗುತ್ತದೋ ಅಷ್ಟೇ ಹಿಂದೆ ಸರಿಸಿ. ಪೈಪು ಒಳಗೆ ಹೋಗುವ ಬಾಯಿಯಿಂದ ಶುರುಮಾಡಿ ಹೊರಗಡೆಗೆ ಒರೆಸಿ. ಹೊರಗಿನಿಂದ ಒಳಗಡೆಗೆ ಒರೆಸಿದರೆ ಕೊಳೆಯನ್ನು ನಾವೇ ಒಳಗೆ ಕಳಿಸಿದಂತೆ. ಪೈಪಿನ ಹೊರಗಿನ ನಾಲ್ಕು ಬೆರಳಗಲವನ್ನೂ ಹಾಗೇ ಹೊರಮುಖವಾಗಿ ಒರೆಸಿ. ನಂತರ ಚರ್ಮ ಒಣಗಿಸಿ, ಮುಂದಕ್ಕೆ ತಂದು ಮಣಿ ಮುಚ್ಚಿದೆಯೇ ಎಂದು ಕಣ್ಣಾರೆ ನೋಡಿ. ದಿನಕ್ಕೆ ಒಂದೆರಡು ಸಲ ಹೀಗೆ ಮಾಡಿದರೆ ಸಾಕು. ಪೈಪನ್ನು ತೊಡೆಗೆ ಅಂಟುಪಟ್ಟಿಯಿಂದ ಸಡಿಲವಾಗಿ ಅಂಟಿಸಿ, ಚೀಲ ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗೆ ಇರಲಿ, ಆದರೆ ನೆಲಕ್ಕೆ ತಾಗದಿರಲಿ. ಪೈಪಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ. ರಬ್ಬರಿನ ಪೈಪು ಎಣ್ಣೆಗೆ ಹಾಳಾಗುತ್ತದೆ.

ಈ ಕೆಲಸ ಮಾಡುವವರು ಹೆಚ್ಚಾಗಿ ಸೊಸೆಯಂದಿರು, ಹೆಣ್ಣುಮಕ್ಕಳು. ಮಾವನವರಿಗೂ ಮುಜುಗರ, ಸೊಸೆಗೂ ಮುಜುಗರ. ಇಬ್ಬರೂ ಕಣ್ಣು ಬೇರೆ ಕಡೆ ಮಾಡಿಕೊಂಡು ಕೆಲಸ ಮುಗಿಸುತ್ತಾರೆ, ಅದರಲ್ಲೇ ಚರ್ಮ ಹಿಂದೆ ಉಳಿದುಬಿಡುತ್ತದೆ. ಮನೆಯಲ್ಲಿ ಮಗನೋ ಮೊಮ್ಮಗನೋ ಇದ್ದರೆ ಈ ಒಂದು ಕೆಲಸವನ್ನು ಅವರೇ ಕಲಿತುಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಗಂಡಸರು ಮಾಡಬಾರದ ಕೆಲಸವೇನೂ ಅಲ್ಲ ಇದು. ಮನೆಗೆ ಹೋಗುವ ದಿನ ವಾರ್ಡಿನ ಸಿಸ್ಟರ್ ಅಥವಾ ಬ್ರದರ್ ಅವರನ್ನು ಕೇಳಿ, ಅವರ ಮುಂದೆ ನೀವೇ ಒಮ್ಮೆ ಮಾಡಿ ತೋರಿಸಿ, ಸರಿ ಎನಿಸಿಕೊಂಡೇ ಹೊರಡಿ. ಯಾವ ಆಸ್ಪತ್ರೆಯಲ್ಲೇ ಇರಲಿ, ಪೈಪು ಹಾಕಿದ ನಂತರ ಅಥವಾ ತಪಾಸಣೆ ಮಾಡಿದ ನಂತರ "ಚರ್ಮ ಮುಂದೆ ತಂದಿದ್ದೀರಾ?" ಎಂದು ಕೇಳುವುದು ನಿಮ್ಮ ಹಕ್ಕು. ಕೇಳಿದರೆ ನಮಗೆ ಬೇಸರವಿಲ್ಲ.

ಸಿಕ್ಕಿಕೊಂಡಾಗ ಮಾಡಬಹುದಾದುದು

ಆಗಷ್ಟೇ ಆಗಿದ್ದು, ಬಣ್ಣ ಬದಲಾಗಿಲ್ಲ, ರೋಗಿ ಬೆಳೆದವರು ಮತ್ತು ಸಹಿಸಬಲ್ಲರು ಎಂದಾದರೆ ಮನೆಯಲ್ಲಿ ಒಂದೇ ಒಂದು ಸಲ ಪ್ರಯತ್ನಿಸಬಹುದು. ಮಲಗಿಸಿ. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ನೀರಿನ ಪಟ್ಟಿಯನ್ನು ಕೆಲವು ನಿಮಿಷ ಇಡಿ. ಐಸನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ನಂತರ ಊದಿದ ಭಾಗವನ್ನು ಅಂಗೈಯಲ್ಲಿ ಹಿಡಿದು, ಒದ್ದೆ ಬಟ್ಟೆಯನ್ನು ನಿಧಾನವಾಗಿ ಹಿಂಡಿದಂತೆ, ಬಿಡದೆ 5ರಿಂದ 10 ನಿಮಿಷ ಒತ್ತಿ ಹಿಡಿಯಿರಿ. ಇಷ್ಟು ಹೊತ್ತು ಯಾಕೆ ಎಂದರೆ, ಒಳಗೆ ತುಂಬಿದ ನೀರು ಹಿಂದಕ್ಕೆ ಹೋಗದೆ ಚರ್ಮ ಮುಂದೆ ಬರುವುದಿಲ್ಲ. ಹೆಚ್ಚಿನವರು ಇದನ್ನು ಬಿಟ್ಟು ಮೊದಲೇ ಎಳೆಯಲು ಹೋಗುತ್ತಾರೆ, ಅದರಿಂದ ಚರ್ಮ ಹರಿಯುತ್ತದೆ. ಬಾವು ಸ್ವಲ್ಪ ತಗ್ಗಿದ ಮೇಲೆ ಎರಡು ಹೆಬ್ಬೆರಳುಗಳಿಂದ ಮಣಿಯನ್ನು ಒಳಗೆ ನೂಕುತ್ತಾ, ಉಳಿದ ಬೆರಳುಗಳಿಂದ ಚರ್ಮವನ್ನು ಮುಂದಕ್ಕೆ ತರಬೇಕು.

ಬಂದರೆ ಸಂತೋಷ. ಆದರೂ ಮರುದಿನ ವೈದ್ಯರಿಗೆ ತೋರಿಸಿ, ಮತ್ತು ಅವರು ಹೇಳುವವರೆಗೆ ಚರ್ಮವನ್ನು ಹಿಂದೆ ಸರಿಸಬೇಡಿ. ಬಾರದಿದ್ದರೆ ಎರಡನೆಯ ಸಲ ಪ್ರಯತ್ನ ಬೇಡ, ಹೊರಡಿ. ಮಗುವಿಗೆ ಆಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಪೈಪು ಇದ್ದರೆ, ಕೆಲವು ಗಂಟೆಗಳೇ ಆಗಿಹೋಗಿದ್ದರೆ, ಮಣಿ ನೀಲಿ ಅಥವಾ ಕಪ್ಪಾಗಿದ್ದರೆ, ಮನೆಯಲ್ಲಿ ಕೈಯನ್ನೇ ಹಾಕದೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತನ್ನಿ. ರಾತ್ರಿಯಾಗಿದೆ, ಬೆಳಗಾಗಲಿ ಎನ್ನಬೇಡಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬರುವಾಗ ಊಟ, ಚಹಾ ಕೊಡಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರುವುದು ಒಳ್ಳೆಯದು. ಸಕ್ಕರೆ ಕಾಯಿಲೆಯವರಾದರೆ ಕೊನೆಗೆ ಯಾವಾಗ ಊಟ ಮಾಡಿದರು, ಮಾತ್ರೆ ಅಥವಾ ಇನ್ಸುಲಿನ್ ಯಾವಾಗ ತೆಗೆದುಕೊಂಡರು ಎಂಬುದನ್ನು ಬಂದ ಕೂಡಲೇ ತಿಳಿಸಿ. ದಾರಿಯಲ್ಲಿ ತಲೆ ಸುತ್ತಿ ಬೆವರು ಬಂದರೆ ಮಾತ್ರ ಸಕ್ಕರೆ ಕೊಡಿ.

ಆಸ್ಪತ್ರೆಯಲ್ಲಿ ವೈದ್ಯರು ಮರವು ಬರುವ ಔಷಧ ಕೊಟ್ಟು, ಬಾವನ್ನು ಒತ್ತಿ ಇಳಿಸಿ ಚರ್ಮವನ್ನು ಮುಂದೆ ತರುತ್ತಾರೆ. ಬಹುಪಾಲು ಜನರಿಗೆ ಇಷ್ಟರಲ್ಲೇ ಮುಗಿಯುತ್ತದೆ. ಕೆಲವೊಮ್ಮೆ ಊದಿದ ಚರ್ಮದ ಮೇಲೆ ಅಡುಗೆಮನೆಯ ಸಕ್ಕರೆಯನ್ನೇ ಹಾಕಿ ಕಟ್ಟುವುದುಂಟು. ಸಕ್ಕರೆ ನೀರನ್ನು ಹೀರಿಕೊಳ್ಳುತ್ತದೆ. ಇದನ್ನು ಓದಿ ಮನೆಯಲ್ಲೇ ಸಕ್ಕರೆ ಕಟ್ಟಿ ಕೂರಬೇಡಿ. ಅದಕ್ಕೆ ಒಂದೆರಡು ಗಂಟೆಯಾದರೂ ಬೇಕು, ಆ ಹೊತ್ತನ್ನು ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಯಾವುದಕ್ಕೂ ಬಗ್ಗದಿದ್ದರೆ ಬಿಗಿಯಾದ ಉಂಗುರಕ್ಕೆ ಸಣ್ಣ ಕೊಯ್ತ ಹಾಕಿ ಸಡಿಲಿಸುತ್ತಾರೆ.

ಚಿಕ್ಕ ಮಕ್ಕಳಲ್ಲಿ ಯಾವುದು ಸಹಜ, ಯಾವುದು ಕಾಯಿಲೆ

ಹುಟ್ಟಿದ ಗಂಡುಮಗುವಿನ ಮುಂದೊಗಲು ಮಣಿಗೆ ಅಂಟಿಕೊಂಡೇ ಇರುತ್ತದೆ. ಅದು ಹಿಂದೆ ಸರಿಯುವುದಿಲ್ಲ, ಸರಿಯಬೇಕಾಗಿಯೂ ಇಲ್ಲ. ವರ್ಷಗಳು ಕಳೆದಂತೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಲವರಿಗೆ ಮೂರನೆಯ ವರ್ಷಕ್ಕೆ, ಕೆಲವರಿಗೆ ಹತ್ತು ದಾಟಿದ ಮೇಲೆ. ಡೆನ್ಮಾರ್ಕ್ ದೇಶದ ವೈದ್ಯ ಯಾಕೋಬ್ ಓಸ್ಟರ್ ಶಾಲಾ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದ ವರದಿಯಲ್ಲಿ, 6-7 ವರ್ಷದವರಲ್ಲಿ ನೂರಕ್ಕೆ ಸುಮಾರು 8 ಹುಡುಗರಿಗೆ ಚರ್ಮ ಬಿಗಿಯಾಗಿತ್ತು, 16-17ನೆಯ ವಯಸ್ಸಿನಲ್ಲಿ ನೂರಕ್ಕೆ ಒಬ್ಬನಿಗೆ ಮಾತ್ರ. ಅಂದರೆ ಹೆಚ್ಚಿನವರಿಗೆ ಕಾಲವೇ ಔಷಧ.

ಆದರೆ ನಮ್ಮಲ್ಲಿ ಎಣ್ಣೆ ನೀರು ಹಾಕುವಾಗ ಅಜ್ಜಿಯಂದಿರೋ ಎರೆಯುವವರೋ ದಿನಾ ಸ್ವಲ್ಪ ಸ್ವಲ್ಪ ಎಳೆದು "ಬಿಡಿಸುವ" ರೂಢಿ ಕೆಲವು ಮನೆಗಳಲ್ಲಿದೆ. ಅವರ ಮನಸ್ಸಿನಲ್ಲಿರುವುದು ಪ್ರೀತಿಯೇ. ಆದರೂ ಇದನ್ನು ನಿಲ್ಲಿಸಿ. ಎಳೆದಾಗ ಕಣ್ಣಿಗೆ ಕಾಣದ ಬಿರುಕುಗಳಾಗುತ್ತವೆ, ಅವು ಮಾಯುವಾಗ ಗಟ್ಟಿಯಾದ ಕಲೆ ಉಳಿಯುತ್ತದೆ. ತಾನಾಗಿ ತೆರೆಯಬೇಕಿದ್ದ ಚರ್ಮ ಆ ಕಲೆಯಿಂದಲೇ ಶಾಶ್ವತವಾಗಿ ಬಿಗಿಯಾಗಬಹುದು. ಹೊರಗಡೆಯನ್ನು ನೀರಿನಿಂದ ತೊಳೆದರೆ ಸಾಕು. ತಾನಾಗಿ ಸರಿಯತೊಡಗಿದ ಮೇಲೆ ಸ್ನಾನದಲ್ಲಿ ಹಿಂದೆ ಸರಿಸಿ ತೊಳೆದು ಮತ್ತೆ ಮುಂದೆ ತರುವುದನ್ನು ತಂದೆ ಮಗನಿಗೆ ಹೇಳಿಕೊಡಲಿ.

ತಾಯಂದಿರು ಹೆದರಿ ಬರುವ ಇನ್ನೆರಡು ಸಂಗತಿಗಳಿವೆ. ಚರ್ಮದ ಕೆಳಗೆ ಅಕ್ಕಿಕಾಳಿನಂತೆ ಬಿಳಿ ಹಳದಿ ಗಂಟು ಕಾಣುತ್ತದೆ, ಕೀವು ಎಂದುಕೊಳ್ಳುತ್ತಾರೆ. ನೋವು, ಕೆಂಪು ಇಲ್ಲದಿದ್ದರೆ ಅದು ಕೀವಲ್ಲ. ಉದುರಿದ ಚರ್ಮದ ಕಣಗಳು ಒಟ್ಟಾಗಿ ನಿಂತಿರುತ್ತವೆ, ತಾವಾಗಿ ಹೊರಬರುತ್ತವೆ. ಹಿಸುಕಬೇಡಿ. ಇನ್ನೊಂದು, ಮೂತ್ರ ಮಾಡುವಾಗ ಮುಂದೊಗಲು ಬಲೂನಿನಂತೆ ಉಬ್ಬುವುದು. ಮಗು ಅಳದೆ, ತಿಣುಕದೆ ಮೂತ್ರ ಮಾಡಿ, ನಂತರ ಉಬ್ಬು ಇಳಿದುಹೋದರೆ ಕಾಯಬಹುದು. ಆದರೆ ಮೂತ್ರ ಹನಿಹನಿಯಾಗಿ ಬಂದರೆ, ಅಳುತ್ತಾ ಮಾಡಿದರೆ, ಮತ್ತೆ ಮತ್ತೆ ಕೀವು, ಜ್ವರ ಬಂದರೆ ತೋರಿಸಲೇಬೇಕು.

ಹುಲ್ಲಿನಲ್ಲಿ, ಹೊಲದಲ್ಲಿ ಆಡಿಬಂದ ಹುಡುಗನಿಗೆ ರಾತ್ರಿಯೊಳಗೆ ತುರಿಕೆಯೊಂದಿಗೆ ಊದಿಕೊಂಡರೆ ಕೀಟ ಕಚ್ಚಿರುವ ಸಾಧ್ಯತೆ ಹೆಚ್ಚು. ಮೂತ್ರ ಸಲೀಸಾಗಿ ಬರುತ್ತಿದ್ದರೆ ಗಾಬರಿಯಾಗದೆ ಮರುದಿನ ತೋರಿಸಿ. ಪ್ಯಾಂಟಿನ ಜಿಪ್ಪಿಗೆ ಸಿಕ್ಕಿಕೊಂಡರೆ ಎಳೆಯಬೇಡಿ, ಎಣ್ಣೆ ಹಾಕಿ ನೋಡಿ, ಬಾರದಿದ್ದರೆ ಬಟ್ಟೆಯನ್ನು ಸುತ್ತಲೂ ಕತ್ತರಿಸಿ ಜಿಪ್ಪಿನೊಂದಿಗೇ ಕರೆತನ್ನಿ. ಕೂಸುಗಳಲ್ಲಿ ಒಮ್ಮೊಮ್ಮೆ ತಾಯಿಯ ತಲೆಗೂದಲೋ ನೂಲಿನ ಎಳೆಯೋ ಸುತ್ತಿಕೊಂಡು ಬಾವು ಬರುತ್ತದೆ. ಕೂಸು ಕಾರಣವಿಲ್ಲದೆ ಅಳುತ್ತಿದ್ದರೆ ಲಂಗೋಟಿ ಬಿಚ್ಚಿ, ಬೆಳಕಿನಲ್ಲಿ ಸರಿಯಾಗಿ ನೋಡಿ. ಮಗುವಿನ ಮುಖ, ಕಾಲು, ಹೊಟ್ಟೆಯೂ ಊದಿದ್ದರೆ ಅದು ಮೂತ್ರಪಿಂಡದ ತೊಂದರೆ ಇರಬಹುದು, ಮೂತ್ರ ಪರೀಕ್ಷೆ ಮಾಡಿಸಬೇಕು.

ಒಂದು ಮಾತು ಪಕ್ಕದ ವಿಷಯವಾದರೂ ಹೇಳಲೇಬೇಕು. ಹುಡುಗನಿಗೆ ಇದ್ದಕ್ಕಿದ್ದಂತೆ ವೃಷಣದಲ್ಲಿ ಜೋರಾದ ನೋವು, ವಾಂತಿ ಶುರುವಾದರೆ ವೃಷಣ ತಿರುಚಿಕೊಂಡಿರಬಹುದು. ಅದನ್ನು ಉಳಿಸಿಕೊಳ್ಳಲು ಸಿಗುವುದು ಸುಮಾರು 6 ಗಂಟೆ. "ಹೊಟ್ಟೆ ನೋವು" ಎಂದಷ್ಟೇ ಹೇಳುವ ಹುಡುಗರೂ ಇದ್ದಾರೆ, ಕೇಳಿ ನೋಡಿ.

ಬೆಳೆದವರಲ್ಲಿ ಬಾವು: ಮೊದಲು ರಕ್ತದ ಸಕ್ಕರೆ ನೋಡಿ

ಚರ್ಮ ತನ್ನ ಜಾಗದಲ್ಲೇ ಇದೆ, ಆದರೆ ಊದಿದೆ, ಕೆಂಪಾಗಿದೆ, ತುರಿಕೆ ಇದೆ, ಮೊಸರಿನ ಕೆನೆಯಂಥ ಬಿಳಿ ಪದರ ಕಟ್ಟುತ್ತದೆ, ಚರ್ಮದ ಅಂಚು ಸೀಳುತ್ತದೆ. ಇದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ನಲವತ್ತು ದಾಟಿದವರಲ್ಲಿ ಇದು ಕಂಡರೆ, ಅದರಲ್ಲೂ ಎರಡನೆಯ ಸಲ ಬಂದರೆ, ರಕ್ತದ ಸಕ್ಕರೆ ಪರೀಕ್ಷೆ ಮಾಡಿಸದೆ ಮನೆಗೆ ಹೋಗಬೇಡಿ. ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಕೆಲವರಿಗೆ ಮೊದಲು ಗೊತ್ತಾಗುವುದೇ ಈ ಬಾವಿನಿಂದ. ಕಾರಣ ಸರಳ. ರಕ್ತದಲ್ಲಿ ಸಕ್ಕರೆ ಮಿತಿ ಮೀರಿದಾಗ ಮೂತ್ರದಲ್ಲಿ ಹೋಗತೊಡಗುತ್ತದೆ. ಮುಂದೊಗಲಿನ ಒಳಗೆ ಉಳಿಯುವ ಒಂದೆರಡು ಹನಿ, ಆ ಬೆಚ್ಚನೆಯ ತೇವ, ಶಿಲೀಂಧ್ರಕ್ಕೆ ಹೊತ್ತುಹೊತ್ತಿಗೆ ಊಟ ಬಡಿಸಿದಂತೆ. ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಹೆಚ್ಚು ಬಂದರೆ, ಇನ್ನೊಮ್ಮೆ ಪರೀಕ್ಷಿಸಿ ಸಕ್ಕರೆ ಕಾಯಿಲೆ ಎಂದು ಖಚಿತಪಡಿಸುತ್ತಾರೆ. ಸಕ್ಕರೆ ಹತೋಟಿಗೆ ಬಾರದೆ ಮುಲಾಮು ಎಷ್ಟು ಹಚ್ಚಿದರೂ ಬಾವು ತಿರುಗಿ ಬರುತ್ತದೆ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಚೀಟಿಯಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಎಂಬ ಹೆಸರಿದೆಯೇ ನೋಡಿ. ಇವು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವ ಮಾತ್ರೆಗಳು. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯವು, ಈಗ ಬಹಳ ಜನರಿಗೆ ಕೊಡುತ್ತಾರೆ. ಆದರೆ ಮೇಲೆ ಹೇಳಿದ ಕಾರಣಕ್ಕೇ ಇವನ್ನು ತೆಗೆದುಕೊಳ್ಳುವವರಲ್ಲಿ ಈ ಭಾಗದ ಶಿಲೀಂಧ್ರ ಸೋಂಕು ಹೆಚ್ಚು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂತ್ರ ಮಾಡಿದ ಮೇಲೆ ನೀರಿನಿಂದ ತೊಳೆದು ಒಣಗಿಸುವ ಅಭ್ಯಾಸ ಮಾಡಿಕೊಳ್ಳಿ, ತುರಿಕೆ ಬಂದರೆ ಮಾತ್ರೆ ಬರೆದ ವೈದ್ಯರಿಗೆ ಹೇಳಿ.

ಹಳದಿ ಕೀವು, ಕೆಟ್ಟ ವಾಸನೆ, ಮುಟ್ಟಲಾಗದ ನೋವು ಇದ್ದರೆ ಅದು ಬೇರೆ ಬಗೆಯ ಸೋಂಕು, ಅದರ ಔಷಧವೂ ಬೇರೆ. ಹುಣ್ಣು, ಗುಳ್ಳೆ, ತೊಡೆಸಂದಿಯಲ್ಲಿ ಗಂಟು ಇದ್ದರೆ ಲೈಂಗಿಕ ಸಂಪರ್ಕದಿಂದ ಬರುವ ಕಾಯಿಲೆಯ ಪರೀಕ್ಷೆ ಬೇಕು. ನೋವಿಲ್ಲದ ಹುಣ್ಣನ್ನು ಹಗುರವಾಗಿ ನೋಡಬೇಡಿ. ಇಂಥ ಕಡೆ ಗಂಡ ಒಬ್ಬನೇ ಔಷಧ ತೆಗೆದುಕೊಂಡು ಹೆಂಡತಿಗೆ ಹೇಳದಿದ್ದರೆ ಕಾಯಿಲೆ ಇಬ್ಬರ ನಡುವೆ ಓಡಾಡುತ್ತಲೇ ಇರುತ್ತದೆ. ಇಬ್ಬರೂ ಬನ್ನಿ. ನಿಮ್ಮ ಮಾತು ಹೊರಗೆ ಹೋಗುವುದಿಲ್ಲ. ಗುಣವಾಗುವವರೆಗೆ ಸೇರುವುದು ಬೇಡ.

ಕೆಲವರಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆಯಿಂದಲೋ ಕೆಲವು ಸೋಂಕು ನಿವಾರಕ ಮಾತ್ರೆಗಳಿಂದಲೋ ಮಣಿಯ ಮೇಲೆ ಗುಂಡನೆಯ ಕಂದು ಮಚ್ಚೆ, ಉರಿ, ಹುಣ್ಣು ಬರುತ್ತದೆ. ಅದೇ ಮಾತ್ರೆ ಮತ್ತೆ ನುಂಗಿದಾಗ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಹಾಗಿದ್ದರೆ ಮಾತ್ರೆಯ ಖಾಲಿ ಪಟ್ಟಿಯನ್ನು ಎಸೆಯದೆ ತನ್ನಿ. ಅದು ನಮಗೆ ಅರ್ಧ ರೋಗವನ್ನು ಹೇಳುತ್ತದೆ.

ಇನ್ನು ಕಾಲು, ವೃಷಣದ ಚೀಲ, ಮುಂದೊಗಲು ಎಲ್ಲವೂ ನೋವಿಲ್ಲದೆ ನಿಧಾನವಾಗಿ ಊದುತ್ತಾ ಬಂದರೆ ಕಾರಣ ಅಲ್ಲಿಲ್ಲ, ಹೃದಯ, ಯಕೃತ್ತು, ಮೂತ್ರಪಿಂಡದಲ್ಲಿರಬಹುದು. ಕಲಬುರಗಿ, ಬೀದರ, ಯಾದಗಿರಿ ಸೀಮೆಯವರಲ್ಲಿ ಮತ್ತು ಕರಾವಳಿಯವರಲ್ಲಿ ಆನೆಕಾಲು ರೋಗವನ್ನೂ ನೆನೆಯಬೇಕಾಗುತ್ತದೆ.

ಮನೆಯ ಆರೈಕೆ

ಚರ್ಮ ಜಾಗದಲ್ಲಿದ್ದು, ಮೂತ್ರ ಸಲೀಸಾಗಿ ಬರುತ್ತಿದ್ದು, ಜ್ವರ ಇಲ್ಲದೆ ಸ್ವಲ್ಪ ಬಾವು ಮಾತ್ರ ಇದ್ದರೆ ಎರಡು ದಿನ ಮನೆಯಲ್ಲಿ ನೋಡಬಹುದು. ಉಗುರು ಬೆಚ್ಚಗಿನ ನೀರನ್ನು ಅಗಲವಾದ ಬೋಗುಣಿಯಲ್ಲಿ ಹಾಕಿ ದಿನಕ್ಕೆ ಎರಡು ಮೂರು ಸಲ, 10-15 ನಿಮಿಷ ಆ ಭಾಗ ಮುಳುಗುವಂತೆ ಕುಳಿತುಕೊಳ್ಳಿ. ಕಾದ ನೀರು ಬೇಡ. ಸಕ್ಕರೆ ಕಾಯಿಲೆಯವರಿಗೆ ಬಿಸಿ ಗೊತ್ತಾಗುವುದಿಲ್ಲ, ಬೇರೆಯವರು ಕೈ ಅದ್ದಿ ನೋಡಲಿ. ನಂತರ ಉಜ್ಜದೆ ಒತ್ತಿ ಒಣಗಿಸಿ. ಸಡಿಲವಾದ ಹತ್ತಿಯ ಒಳಬಟ್ಟೆ ಅಥವಾ ಪಂಚೆ ಸಾಕು. ಮೂತ್ರ ಉರಿಯುತ್ತದೆಂದು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ, ಅದು ತಪ್ಪು. ಮೂತ್ರ ಗಟ್ಟಿಯಾದಷ್ಟೂ ಉರಿ ಹೆಚ್ಚು. ಚಿಕ್ಕ ಮಕ್ಕಳು ಅಳುತ್ತಿದ್ದರೆ ಬೆಚ್ಚನೆಯ ನೀರಿನಲ್ಲಿ ಕುಳಿತಲ್ಲೇ ಮೂತ್ರ ಮಾಡಲಿ, ಉರಿ ಗೊತ್ತಾಗುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು, ಮಕ್ಕಳಿಗೆ ತೂಕಕ್ಕೆ ತಕ್ಕ ಪ್ರಮಾಣವನ್ನು ಕೇಳಿಕೊಂಡು.

ಹಚ್ಚಬಾರದವುಗಳ ಪಟ್ಟಿ ದೊಡ್ಡದು. ಡೆಟಾಲ್, ಸ್ಯಾವ್ಲಾನ್, ಸುಣ್ಣ, ಅರಿಶಿನ, ಬೂದಿ, ಟೂತ್‌ಪೇಸ್ಟ್, ಟಾಲ್ಕಂ ಪೌಡರ್ ಯಾವುದೂ ಬೇಡ. ಬಾವು ಇದ್ದಾಗ ಸಾಬೂನೂ ಬೇಡ. ಅತಿಯಾಗಿ ಸಾಬೂನು ಉಜ್ಜುವುದರಿಂದಲೇ ಬಾವು ಬಂದವರನ್ನು ನೋಡಿದ್ದೇವೆ. ಸ್ವಚ್ಛತೆಗೆ ನೀರು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಔಷಧದಂಗಡಿಯಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳಬೇಡಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ತುರಿಕೆ ನಿಂತಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಇನ್ನಷ್ಟು ಹರಡುತ್ತದೆ. ಅದೇ ಸ್ಟೀರಾಯ್ಡನ್ನು ಬಿಗಿಯಾದ ಚರ್ಮ ಸಡಿಲಿಸಲು ವೈದ್ಯರು 4ರಿಂದ 8 ವಾರ ಬರೆದುಕೊಡುವುದುಂಟು, ಬಹಳ ಹುಡುಗರಿಗೆ ಅದರಿಂದಲೇ ಆಪರೇಷನ್ ತಪ್ಪುತ್ತದೆ. ಅದು ಪರೀಕ್ಷಿಸಿ ಕೊಟ್ಟದ್ದು, ಇದು ಅಂದಾಜಿನಲ್ಲಿ ಕೊಟ್ಟದ್ದು.

ಎರಡು ದಿನದಲ್ಲಿ ಇಳಿಯದಿದ್ದರೆ ಹೊರರೋಗಿ ವಿಭಾಗಕ್ಕೆ ಬನ್ನಿ. ಸಕ್ಕರೆ ಕಾಯಿಲೆಯವರು ಎರಡು ದಿನವೂ ಕಾಯಬಾರದು. ಮೂತ್ರ ಕಟ್ಟಿದರೆ, ಚಳಿ ಜ್ವರ ಬಂದರೆ, ಕೆಂಪು ತೊಡೆಸಂದಿಗೋ ವೃಷಣದ ಚೀಲಕ್ಕೋ ಹರಡಿದರೆ ಆ ದಿನವೇ ಬನ್ನಿ. ವೃಷಣದ ಚೀಲದಿಂದ ಗುದದ್ವಾರದವರೆಗೆ ಜೋರಾದ ನೋವು, ಊತ, ಚರ್ಮ ಕಪ್ಪಾಗುವುದು, ಕೆಟ್ಟ ವಾಸನೆ ಕಂಡರೆ ಆ ಗಂಟೆಯೇ ಬನ್ನಿ. ಸಕ್ಕರೆ ಕಾಯಿಲೆಯವರಲ್ಲಿ ಅದು ಜೀವಕ್ಕೇ ಅಪಾಯ.

ಚರ್ಮದ ತುದಿ ಬಿಳಿಯಾಗಿ, ಕಾಗದದಂತೆ ಗಟ್ಟಿಯಾಗಿ, ದಿನೇದಿನೇ ಕಿರಿದಾಗುತ್ತಿದ್ದರೆ ತೋರಿಸಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಗಂಟು, ಬಿಗಿ ಚರ್ಮದ ಒಳಗಿನಿಂದ ರಕ್ತ ಬೆರೆತ ಸ್ರಾವ, ಇವು ಕ್ಯಾನ್ಸರಿನ ಸೂಚನೆ ಇರಬಹುದು. ಬೀಡಿ ಸೇದುವ, ತಂಬಾಕು ತಿನ್ನುವ ಹಿರಿಯರು ಇದನ್ನು ಮುಚ್ಚಿಡಬಾರದು. ಬೇಗ ಬಂದರೆ ಸಣ್ಣ ಆಪರೇಷನ್ನಿನಲ್ಲಿ ಮುಗಿಯುವುದು, ತಡವಾದರೆ ಅಂಗವನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಆಪರೇಷನ್ ಎಂದಾಗ ಬರುವ ಪ್ರಶ್ನೆ

ಮತ್ತೆ ಮತ್ತೆ ಬಾವು ಬಂದು ಚರ್ಮ ಗಟ್ಟಿಯಾದವರಿಗೆ ಮುಂದೊಗಲನ್ನು ತೆಗೆಯುವ ಆಪರೇಷನ್ ಸಲಹೆ ಮಾಡುತ್ತಾರೆ. ಆಗ ಮನೆಯ ಹಿರಿಯರು ಮೆಲ್ಲಗೆ ನಮ್ಮನ್ನು ಪಕ್ಕಕ್ಕೆ ಕರೆದು, "ನಮ್ಮಲ್ಲಿ ಅದನ್ನ ಮಾಡಸೂದಿಲ್ಲಲ್ಲ ಸಿಸ್ಟರ್" ಎನ್ನುತ್ತಾರೆ. ಅವರ ಸಂಕೋಚ ನಮಗೆ ಅರ್ಥವಾಗುತ್ತದೆ. ಇಲ್ಲಿ ಮಾಡುವುದು ಕಾಯಿಲೆಗೆ ಚಿಕಿತ್ಸೆ, ಅಪೆಂಡಿಕ್ಸ್ ತೆಗೆದ ಹಾಗೆ. ಯಾವುದೇ ಜಾತಿ ಧರ್ಮದ ಆಚರಣೆ ಅಲ್ಲ, ನಿಮ್ಮ ಆಚಾರಕ್ಕೆ ಅದರಿಂದ ಏನೂ ಆಗುವುದಿಲ್ಲ. ಮದುವೆ, ಮಕ್ಕಳಿಗೂ ಅಡ್ಡಿಯಿಲ್ಲ. ಕೆಲವರಿಗೆ ಪೂರ್ತಿ ತೆಗೆಯದೆ ಅಗಲಗೊಳಿಸುವ ಆಪರೇಷನ್ ಸಾಧ್ಯ, ನಿಮಗೆ ಅದು ಆಗುತ್ತದೆಯೇ ಎಂದು ಸರ್ಜನ್‌ರನ್ನು ಕೇಳಿ. ಬಾವು ಜೋರಾಗಿರುವಾಗ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ, ಸೋಂಕು ಇಳಿಸಿ ದಿನ ಕೊಡುತ್ತಾರೆ. ಆ ದಿನ ತಪ್ಪಿಸಬೇಡಿ. ಬಾವು ಇಳಿದ ಕೂಡಲೇ ಊರಿಗೆ ಹೋಗಿ, ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ಕುಳಿತವರು ಮುಂದಿನ ಸಲ ಮೂತ್ರ ಕಟ್ಟಿಕೊಂಡು ಬರುತ್ತಾರೆ. ಹೊಲಿಗೆ ತಾನಾಗಿ ಕರಗುತ್ತದೆ, ಎರಡು ಮೂರು ವಾರದಲ್ಲಿ ಗಾಯ ಮಾಯುತ್ತದೆ, ಗಂಡ ಹೆಂಡತಿ ಸೇರುವುದಕ್ಕೆ 4ರಿಂದ 6 ವಾರ ಬಿಡಬೇಕು.

ಚೀಟಿ ಮಾಡಿಸುವ ಕೌಂಟರಿನಲ್ಲಿ ಎಲ್ಲರೆದುರು ತೊಂದರೆ ವಿವರಿಸಬೇಕಾಗಿಲ್ಲ. "ಸರ್ಜರಿ ಡಾಕ್ಟರಿಗೆ ತೋರಿಸಬೇಕು" ಎಂದಷ್ಟೇ ಹೇಳಿ. ಗಂಡಸರೇ ನೋಡಲಿ ಎನಿಸಿದರೆ ಬ್ರದರ್ ಬೇಕೆಂದು ಕೇಳಿ, ಪರದೆಯ ಹಿಂದೆ ಪರೀಕ್ಷೆ ನಡೆಯುತ್ತದೆ. ಬರುವಾಗ ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳು, ಹಚ್ಚಿದ ಟ್ಯೂಬ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ.